ಮುಳುಗಿದ ಹಡಗು ಯಾರ ಲೆಕ್ಕಕ್ಕೆ?

ಉಗರಗೋಳದಿಂದ ಕಾರವಾರದ ದಂಡೆಗೆ ಇನ್ನೂರು ಕಿಲೋಮೀಟರಿನ ಆಸುಪಾಸು. ಸವದತ್ತಿ ಸೀಮೆಯ ನಮಗೆ ನೀರೆಂದರೆ ಮಲಪ್ರಭೆ, ಜೋಗುಳಬಾವಿ, ನವಿಲುತೀರ್ಥದ ಅಣೆಕಟ್ಟು. ಆ ಮಲಪ್ರಭೆಯಾದರೂ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ, ಅರಬ್ಬೀ ಸಮುದ್ರದ ಮಗ್ಗುಲಲ್ಲೇ ಹುಟ್ಟಿ, ಅದಕ್ಕೆ ಬೆನ್ನು ತಿರುಗಿಸಿ ಕೃಷ್ಣೆಯನ್ನು ಕೂಡಿ ಬಂಗಾಳ ಕೊಲ್ಲಿಗೆ ಹೋಗುವವಳು. ಇಂಥ ಊರಿನವರಿಗೆ ಕಡಲಲ್ಲಿ ಮುಳುಗಿದ ಹಡಗುಗಳ ಗೊಡವೆ ಯಾಕೆ ಎಂದು ಯಾರಾದರೂ ಕೇಳಬಹುದು. ಮುಳುಗಿದ ಹಡಗುಗಳ ಹೊಟ್ಟೆಯಲ್ಲಿದ್ದ ಸರಕು ಎಷ್ಟೋ ಸಲ ಘಟ್ಟದ ಮೇಲಿನದು. ಮುಳುಗಿದ ಜನರಲ್ಲೂ ಘಟ್ಟದ ಮೇಲಿನವರಿದ್ದಾರೆ. ಲೆಕ್ಕ ಕೇಳುವ ಹಕ್ಕು ನಮಗೂ ಇದೆ.

ಮೊದಲು ಹತ್ತಿಯ ಮಾತು. 19ನೇ ಶತಮಾನದಲ್ಲಿ ಧಾರವಾಡ ಮತ್ತು ಅದರ ನೆರೆಯ ಎರೆಸೀಮೆಯ ಹತ್ತಿಗೆ ಮುಂಬಯಿ ಪೇಟೆಯಲ್ಲಿ ಇದ್ದ ಹೆಸರು ‘ಕುಮಟಾ ಹತ್ತಿ’. ಕುಮಟೆಯಲ್ಲಿ ಹತ್ತಿ ಬೆಳೆಯುತ್ತಿರಲಿಲ್ಲ. ಎತ್ತಿನ ಮೇಲೆ, ಗಾಡಿಯ ಮೇಲೆ ಘಟ್ಟ ಇಳಿದ ಅಂಡಿಗೆಗಳು ಅಲ್ಲಿ ಪತ್ತೆಮಾರಿ ಎಂಬ ಹಾಯಿಹಡಗು ಹತ್ತುತ್ತಿದ್ದವು, ಅಷ್ಟೆ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ ಇಂಗ್ಲೆಂಡಿನ ಗಿರಣಿಗಳ ಕಣ್ಣು ಈ ಕಡೆಗೆ ಬಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. 1864ರಲ್ಲಿ ಕಾರವಾರದ ಎದುರಿನ ದೇವಗಡ ನಡುಗಡ್ಡೆಯ ಮೇಲೆ ದೀಪಸ್ತಂಭ ಬೆಳಗಿತು. ಬ್ರಿಟಿಷರಿಗೆ ಬೇಕಾಗಿದ್ದು ನಮ್ಮ ಹತ್ತಿ. ಅದು ಸುರಕ್ಷಿತವಾಗಿ ಹೋಗಲೆಂದು ಬಂದರು, ದೀಪ, ದಾರಿ. 1888ರಲ್ಲಿ ಕ್ಯಾಸಲ್‌ರಾಕ್ ಮೂಲಕ ಮರ್ಮಗೋವೆಗೆ ರೈಲು ಹಾದ ಮೇಲೆ ಕುಮಟೆಯ ಹಣೆಬರಹ ಬದಲಾಯಿತು.

ಹತ್ತಿ ನೀರು ಕುಡಿದರೆ ಕೊಳೆಯುತ್ತದೆ. ಬೆಚ್ಚಗಿನ ಕಡಲಿನಲ್ಲಿ ಮರದ ಹಲಗೆಯನ್ನು ಹುಳು ಬಿಡುವುದಿಲ್ಲ. ಆದ್ದರಿಂದ ನಮ್ಮ ಪಶ್ಚಿಮ ತೀರದಲ್ಲಿ ಹಳೆಯ ಹಡಗು ಹುಡುಕುವವರಿಗೆ ಇಡೀ ಹಡಗು ಸಿಗುವುದು ಅಪರೂಪ. ಸಿಗುವುದು ಕಲ್ಲು, ಕಬ್ಬಿಣ, ದಂತ, ಸುಟ್ಟ ಮಣ್ಣು. ಗೋವೆಯ ದೋನಾ ಪೌಲಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಸುಂಚಿ ಬಂಡೆಸಾಲಿನಲ್ಲಿ ಕಂಡದ್ದು ಇಂಥದೇ ರಾಶಿ: ಫಿರಂಗಿಗಳು, ಆನೆಯ ದಂತ, ನೀರಾನೆಯ ಹಲ್ಲು, ಕಲ್ಲಿನ ದಿಮ್ಮಿಗಳು, ಪೂರ್ವದೇಶಗಳ ಮಡಕೆ ಚೂರುಗಳು. 17ನೇ ಶತಮಾನದ ಪೋರ್ಚುಗೀಸ್ ವ್ಯಾಪಾರದ ಹಡಗು ಅದು ಎಂಬುದು ಅವರ ತೀರ್ಮಾನ. ಪತ್ರಿಕೆಗಳಿಗೆ ದಂತವೂ ಫಿರಂಗಿಯೂ ರುಚಿಸಿದವು. ಕನ್ನಡಿಗರಿಗೆ ಅದಕ್ಕಿಂತ ಹತ್ತಿರದ ಸಂಗತಿ ಗೋವೆಯ ಎದುರೇ, ಸೇಂಟ್ ಜಾರ್ಜ್ ಬಂಡೆಸಾಲಿನ ಬಳಿ ಬಿದ್ದಿತ್ತು.

ಅಲ್ಲಿ ಸಿಕ್ಕಿದ್ದು ಹೆಂಚು. ಮಾಡಿನ ಹೆಂಚು, ಮೂಲೆ ಹೆಂಚು, ನೆಲದ ಬಿಲ್ಲೆ, ಕಂಬದ ಬೋದಿಗೆ, ಚರಂಡಿ ಕೊಳವೆ, ಎಲ್ಲ ಸುಟ್ಟ ಮಣ್ಣಿನವು. ಮೇಲೆ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆಯ ಮುದ್ರೆ, 1865 ಎಂಬ ಇಸವಿ. ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿಯ ಜೇಡಿಮಣ್ಣಿನಿಂದ, ಗೇಯಾರ್ಗ್ ಪ್ಲೆಬ್ಸ್ಟ್ ಎಂಬ ಜರ್ಮನ್ ಕುಶಲಕರ್ಮಿ ಈ ಕೈಗಾರಿಕೆ ಆರಂಭಿಸಿದ ವರ್ಷವೇ ಅದು. ಮುದ್ರೆಯಲ್ಲಿರುವುದು ಕಾರ್ಖಾನೆ ಹುಟ್ಟಿದ ವರ್ಷವಾದ್ದರಿಂದ ಹಡಗು ಮುಳುಗಿದ್ದು ಅದರ ನಂತರ ಎಂದಷ್ಟೇ ಹೇಳಬಹುದು. ಮಂಗಳೂರಿನಿಂದ ಹೊರಟು ಬಡಗಣ ದಿಕ್ಕಿಗೆ ಸಾಗುತ್ತಿದ್ದ ಹಡಗು ಬಂಡೆಗೆ ತಗುಲಿ ಕುಸಿಯಿತು. ಹೆಂಚು ಮಾತ್ರ ತನ್ನ ಊರಿನ ಹೆಸರನ್ನು ಮೈಮೇಲೆ ಹೊತ್ತು ನೂರಕ್ಕೂ ಹೆಚ್ಚು ವರ್ಷ ನೀರಿನಡಿ ಉಳಿದುಕೊಂಡಿತು. ನಮ್ಮ ಕಡೆ ಮಾಳಿಗೆ ಮನೆಗಳೇ ಹೆಚ್ಚು. ಹಳೆಯ ಸರಕಾರಿ ಶಾಲೆಗೋ ಪ್ರವಾಸಿ ಮಂದಿರಕ್ಕೋ ಮಂಗಳೂರು ಹೆಂಚು ಹೊದಿಸಿದ್ದನ್ನು ನೋಡಿದವರಿಗೆ ಆ ಮುದ್ರೆ ಅಪರಿಚಿತವಲ್ಲ.

ಕಡಲಡಿಯ ಚರಿತ್ರೆ ಹುಡುಕುವ ಈ ವಿದ್ಯೆಯನ್ನು ನಮ್ಮ ದೇಶದಲ್ಲಿ ಕಟ್ಟಿದವರಲ್ಲಿ ಮೊದಲಿಗರು ಮಲೆನಾಡಿನವರು ಎಂಬುದನ್ನು ಇಲ್ಲಿ ಹೇಳಲೇಬೇಕು. ಸಾಗರ ತಾಲೂಕಿನ ಆನಂದಪುರದ ಎಸ್. ಆರ್. ರಾವ್, ಅಂದರೆ ಶಿಕಾರಿಪುರ ರಂಗನಾಥ ರಾವ್, ಲೋಥಲ್‌ನ ಬಂದರು ಪಟ್ಟಣವನ್ನು ಅಗೆದು ತೆಗೆದವರು. ಪುರಾತತ್ವ ಇಲಾಖೆಯಿಂದ ನಿವೃತ್ತರಾದ ಮೇಲೆ ಗೋವೆಯ ಸಂಸ್ಥೆಯಲ್ಲಿ ಸಾಗರ ಪುರಾತತ್ವ ಕೇಂದ್ರ ಕಟ್ಟಿದರು, ದ್ವಾರಕೆಯ ನೀರಿಗೆ ಮುಳುಗುಗಾರರನ್ನು ಇಳಿಸಿದರು. 2013ರಲ್ಲಿ ತೀರಿಕೊಂಡರು. ದ್ವಾರಕೆಯ ಬಗ್ಗೆ ಅವರು ಹೇಳಿದ್ದನ್ನೆಲ್ಲ ಒಪ್ಪದ ವಿದ್ವಾಂಸರಿದ್ದಾರೆ, ಇರಲಿ. ನೀರಿನಡಿಯ ಚರಿತ್ರೆಯನ್ನು ಪುರಾಣದವರ ಕೈಯಿಂದಲೂ ನಿಧಿಗಳ್ಳರ ಕೈಯಿಂದಲೂ ಬಿಡಿಸಿ ಅಳತೆಪಟ್ಟಿಯ ಕೈಗೆ ಕೊಡಲು ಒಂದು ಸಂಸ್ಥೆ ಬೇಕಿತ್ತು. ಅದನ್ನು ಅವರು ಮಾಡಿದರು.

ಕಡಲ ಕದನದ ದಾಖಲೆ ಇನ್ನೂ ಹಿಂದಿನದಿದೆ. ಹಲಸಿಯನ್ನೂ ತಮ್ಮ ರಾಜಧಾನಿ ಮಾಡಿಕೊಂಡಿದ್ದ ಗೋವೆಯ ಕದಂಬರ ಕಾಲದ ವೀರಗಲ್ಲುಗಳಲ್ಲಿ ಹಡಗಿನ ಮೇಲೆ ಕಾದಾಡುವ ಯೋಧರಿದ್ದಾರೆ. ನಮ್ಮೂರ ಗುಡಿಗಳ ಮುಂದಿನ ವೀರಗಲ್ಲುಗಳಲ್ಲಿ ಕುದುರೆ ಇರುವ ಜಾಗದಲ್ಲಿ ಅಲ್ಲಿ ದೋಣಿ. ಸತ್ತವನ ಲೆಕ್ಕ ಇಡುವ ರೂಢಿ ಆಗಲೂ ಇತ್ತು.

ಮರ್ಮಗೋವೆಯ ಇನ್ನೊಂದು ಕಥೆ ಸಿನಿಮಾ ಆಗಿ ಜಗತ್ತಿಗೆಲ್ಲ ಗೊತ್ತಿರುವುದರಿಂದ ಚುಟುಕಾಗಿ ಹೇಳುತ್ತೇನೆ. ಎರಡನೆಯ ಮಹಾಯುದ್ಧ ಶುರುವಾದಾಗ ತಟಸ್ಥ ಪೋರ್ಚುಗಲ್ಲಿನ ಆ ಬಂದರಿನಲ್ಲಿ ಆಶ್ರಯ ಪಡೆದ ಜರ್ಮನ್ ಹಡಗುಗಳಲ್ಲಿ ಏರೆನ್‌ಫೆಲ್ಸ್ ಒಂದು. ಅದರ ಗುಪ್ತ ರೇಡಿಯೊದಿಂದ ಬ್ರಿಟಿಷ್ ಹಡಗುಗಳ ಸುದ್ದಿ ಜರ್ಮನ್ ಸಬ್‌ಮರೀನುಗಳಿಗೆ ಹೋಗುತ್ತಿದೆ ಎಂಬ ಗುಮಾನಿಯಿಂದ 1943ರ ಮಾರ್ಚ್ 9ರಂದು ಕಲ್ಕತ್ತೆಯ ಒಂದಿಷ್ಟು ವಯಸ್ಸಾದ ಬಿಳಿ ವ್ಯಾಪಾರಿಗಳು, ಹವ್ಯಾಸಿ ಸೈನಿಕರು, ದೋಣಿಯಲ್ಲಿ ಬಂದು ದಾಳಿ ಮಾಡಿದರು. ಏರೆನ್‌ಫೆಲ್ಸ್ ಮುಳುಗಿತು, ಉಳಿದ ಹಡಗುಗಳನ್ನು ಅವುಗಳ ಸಿಬ್ಬಂದಿಯೇ ಮುಳುಗಿಸಿಬಿಟ್ಟರು. ಲೋಂಡಾದ ಮೇಲೆ ರೈಲು ಹಾಯುವ ದಾರಿಯ ತುದಿಯಲ್ಲೇ ಇದೆಲ್ಲ ನಡೆದದ್ದು.

ಇನ್ನು ನಮ್ಮ ಕಾಲದ ಮಾತು. ಕರ್ನಾಟಕದ ಎದುರು ಈಚಿನ ಎರಡು ದಶಕಗಳಲ್ಲಿ ಕೆಟ್ಟ ಹಡಗುಗಳ ತಾರೀಖುಗಳನ್ನು ಸಾಲಾಗಿ ಇಟ್ಟರೆ ಒಂದು ಸಂಗತಿ ಎದ್ದು ಕಾಣುತ್ತದೆ. ಓಷನ್ ಸೆರಾಯಾ, 2006ರ ಮೇ 30, ಕಾರವಾರದ ಆ ಹಳೆಯ ದೀಪಸ್ತಂಭದ ಬಂಡೆಗಳಿಗೇ ಬಡಿದು. ಎಣ್ಣೆ ಗೋವೆಯ ದಕ್ಷಿಣ ತೀರದವರೆಗೆ ತೇಲಿತು. ಎರಿಟ್ರಿಯ ದೇಶದ ದೆನ್ ದೆನ್, 2007ರ ಜೂನ್, ಮಂಗಳೂರಿನ ತಣ್ಣೀರುಬಾವಿ. ಏಷ್ಯನ್ ಫಾರೆಸ್ಟ್, 2009ರ ಜುಲೈ. ತೌಕ್ತೆ ಚಂಡಮಾರುತದಲ್ಲಿ ಎರಡು ಟಗ್ಗುಗಳು, 2021ರ ಮೇ. ಪ್ರಿನ್ಸೆಸ್ ಮಿರಾಲ್, 2022ರ ಜೂನ್ 21, ಉಳ್ಳಾಲದ ಎದುರು. ಒಂದೂ ಚಳಿಗಾಲದ್ದಲ್ಲ. ಎಲ್ಲ ಮುಂಗಾರಿನ ಹೊಸ್ತಿಲಲ್ಲಿ, ಇಲ್ಲವೇ ಅದರ ಒಳಮನೆಯಲ್ಲಿ.

ಹಾಯಿಯ ಕಾಲದ ತಾಂಡೇಲರು ಈ ತಿಂಗಳುಗಳಲ್ಲಿ ಪತ್ತೆಮಾರಿ, ಮಂಜಿಗಳನ್ನು ದಡಕ್ಕೆಳೆದು, ಗರಿ ಹೊದಿಸಿ, ಎಣ್ಣೆ ಬಳಿದು ಇಡುತ್ತಿದ್ದರು. ಕಡಲಿಗೆ ತೆಂಗಿನಕಾಯಿ ಒಪ್ಪಿಸಿ ಮತ್ತೆ ದಾರಿ ಕೇಳುವುದು ನೂಲ ಹುಣ್ಣಿಮೆಗೆ. ಕಾರವಾರದ ಕಡೆ ಅದು ನಾರಳಿ ಹುಣ್ಣಿಮೆ. ಇಂದಿಗೂ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ. ಮೀನಿನ ಸಂತಾನಕ್ಕಾಗಿ ಎಂದು ಕಾನೂನು ಹೇಳಿದರೂ ಬೋಟಿನವರ ಜೀವಕ್ಕೂ ಅದೇ ರಕ್ಷೆ. ಉಕ್ಕಿನ ಹಡಗಿಗೆ ಈ ಪಂಚಾಂಗ ಬೇಡ; ಗಟ್ಟಿಮುಟ್ಟಾದ ಹಡಗಿಗೆ ನಿಜಕ್ಕೂ ಬೇಡ. ಕೆಡುವುದು ಹಳೆಯವು. ಮೂವತ್ತು ವರ್ಷ ದಾಟಿದ, ನಾಲ್ಕಾರು ಕೈ ಬದಲಾದ, ಒಂದು ದೇಶದ ಮಾಲೀಕ, ಇನ್ನೊಂದು ದೇಶದ ಬಾವುಟ, ಮೂರನೆಯ ದೇಶದ ಸಿಬ್ಬಂದಿ ಇರುವ ಹಡಗುಗಳು. ಪ್ರಿನ್ಸೆಸ್ ಮಿರಾಲ್ ಅಂಥದೇ. ಚೀನಾದಿಂದ ಲೆಬನಾನಿಗೆ 8,000 ಟನ್ ಉಕ್ಕಿನ ಸುರುಳಿ ಹೊತ್ತಿತ್ತು, ತಳ ಸೋರಿತು, ದಡದ ಹತ್ತಿರ ನೆಲ ಕಚ್ಚಿ ಮುಳುಗಿತು. 15 ಮಂದಿ ಸಿರಿಯನ್ನರನ್ನು ಕೋಸ್ಟ್ ಗಾರ್ಡ್ ಪಾರುಮಾಡಿತು. ಜನ ಪಾರಾದ ಮೇಲೆ ಎಣ್ಣೆಯ ಆತಂಕದೊಡನೆ ಉಳಿದವರು ಉಳ್ಳಾಲದ ಮೀನುಗಾರರು.

ಇವುಗಳಲ್ಲಿ ನಾನು ಹೆಚ್ಚು ಹೊತ್ತು ನಿಲ್ಲಬೇಕಾದ್ದು ಏಷ್ಯನ್ ಫಾರೆಸ್ಟ್ ಹತ್ತಿರ. ನವಮಂಗಳೂರು ಬಂದರಿನಲ್ಲಿ 13,600 ಟನ್ ಕಬ್ಬಿಣದ ಅದಿರಿನ ಪುಡಿ ತುಂಬಿಕೊಂಡು ಚೀನಾಕ್ಕೆ ಹೊರಟ ಹಡಗು ಅದು. ಹೊರಟ ಮರುದಿನವೇ ಒಂದು ಮಗ್ಗುಲಿಗೆ ವಾಲಿತು. 18 ಮಂದಿ ಚೀನೀ ಸಿಬ್ಬಂದಿಯನ್ನು ಕೋಸ್ಟ್ ಗಾರ್ಡ್ ಇಳಿಸಿಕೊಂಡಿತು, ಹಡಗು ತಳ ಸೇರಿತು. ಯಾವ ಬಂಡೆಗೂ ತಾಗಲಿಲ್ಲ, ಯಾವ ಹಡಗೂ ಗುದ್ದಲಿಲ್ಲ. ಕೆಡಿಸಿದ್ದು ಸರಕೇ.

ಹೊಳೆದಂಡೆಯ ಹಸಿ ಮರಳಿನ ಮೇಲೆ ನಿಂತು ಕಾಲಿನಿಂದ ತಟಪಟ ತುಳಿದವರಿಗೆ ಇದು ತಿಳಿಯುತ್ತದೆ: ಗಟ್ಟಿಯಾಗಿ ಕಂಡ ಮರಳು ನೀರು ಕಕ್ಕಿ ಅಂಬಲಿಯಾಗುತ್ತದೆ, ಕಾಲು ಹೂಳುತ್ತದೆ. ಅದಿರಿನ ಸಣ್ಣ ಪುಡಿಯ ಕಣಗಳ ನಡುವೆ ನೀರು ಒಂದು ಮಿತಿಗಿಂತ ಹೆಚ್ಚಿದ್ದರೆ ಎಂಜಿನ್ನಿನ ಅದುರು, ಅಲೆಯ ಹೊಡೆತ ಆ ತುಳಿತದ ಕೆಲಸ ಮಾಡುತ್ತವೆ. ಕಣಗಳು ಒತ್ತೊತ್ತಾಗಿ ಕೂರಲು ಹೋದಾಗ ನಡುವಿನ ನೀರಿಗೆ ಜಾಗ ಸಾಲದು. ನೀರಿನ ಒತ್ತಡವೇರಿ ಕಣಗಳು ಪರಸ್ಪರ ಹಿಡಿತ ಬಿಡುತ್ತವೆ. ಸಾವಿರಾರು ಟನ್ ತೂಕದ ರಾಶಿ ಕೆಸರಾಗಿ ಒಂದು ಕಡೆಗೆ ಜಾರುತ್ತದೆ, ಹಡಗು ಅತ್ತ ಹೊರಳಿದಾಗ ಮರಳಿ ಬರುವುದಿಲ್ಲ. ಕೆಲವೊಮ್ಮೆ ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ಅದೇ 2009ರ ಸೆಪ್ಟೆಂಬರಿನಲ್ಲಿ ಒಡಿಶಾದ ಪಾರಾದೀಪದ ಎದುರು ಬ್ಲ್ಯಾಕ್ ರೋಸ್ ಎಂಬ ಹಡಗು ಕೂಡ ಅದಿರು ಹೊತ್ತೇ ಮುಳುಗಿತು. ಇಂಥ ಸರಕಿನ ತೇವ ಅಳೆದೇ ತುಂಬಬೇಕೆಂಬ ಅಂತಾರಾಷ್ಟ್ರೀಯ ಸಂಹಿತೆ 2011ರಿಂದ ಕಡ್ಡಾಯವಾಯಿತು.

ಆ ವರ್ಷಗಳು ನಮ್ಮಲ್ಲಿ ಎಂಥವು ಎಂದು ನೆನಪಿಸಬೇಕಿಲ್ಲ. ಬಳ್ಳಾರಿ, ಸಂಡೂರು, ಹೊಸಪೇಟೆಯ ಅದಿರು ಹಗಲುರಾತ್ರಿ ಲಾರಿಗಳಲ್ಲಿ ಘಟ್ಟ ಇಳಿಯುತ್ತಿದ್ದ ಕಾಲ. ಚೀನಾದ ಬೇಡಿಕೆ ಏರಿತ್ತು. ಬಯಲಿನಲ್ಲಿ ರಾಶಿ ಹಾಕಿದ ಪುಡಿಯ ಮೇಲೆ ಮಳೆ ಸುರಿದರೂ ಸಾಗಿಸುವ ಅವಸರ. 2010ರಲ್ಲಿ ಬೇಲೆಕೇರಿ ಬಂದರಿನಲ್ಲಿ ಜಪ್ತಿ ಮಾಡಿದ್ದ ಲಕ್ಷಾಂತರ ಟನ್ ಅದಿರೇ ಮಾಯವಾದದ್ದು, ಲೋಕಾಯುಕ್ತ ಸಂತೋಷ ಹೆಗ್ಡೆಯವರು ರಾಜೀನಾಮೆ ಕೊಟ್ಟು ಆಮೇಲೆ ಹಿಂತೆಗೆದುಕೊಂಡದ್ದು, ಆ ಜುಲೈನಲ್ಲಿ ರಾಜ್ಯ ಸರಕಾರ ಅದಿರು ರಫ್ತು ನಿಲ್ಲಿಸಿದ್ದು ಎಲ್ಲರಿಗೂ ಗೊತ್ತು. ಗಣಿಯ ಲೂಟಿಯ ಬಗ್ಗೆ ನಮ್ಮಲ್ಲಿ ಪುಸ್ತಕಗಳೇ ಬಂದಿವೆ. ಅದೇ ಅದಿರಿನ ಅವಸರಕ್ಕೆ ಕಡಲ ತಳ ಸೇರಿದ ಹಡಗಿನ ಬಗ್ಗೆ ಘಟ್ಟದ ಮೇಲೆ ಯಾರೂ ಮಾತಾಡಲಿಲ್ಲ. ಅದು ಕರಾವಳಿಯವರ ತಲೆನೋವು ಎಂದುಕೊಂಡೆವು.

ಸರಕು ಹೊರದೆ ಬಂದರಿನ ಚಾಕರಿ ಮಾಡುವ ಹಡಗುಗಳ ಪಾಡು ಇನ್ನೂ ಕಡೆ. ಹೂಳೆತ್ತುವ ಡ್ರೆಜ್ಜರು, ಎಳೆಯುವ ಟಗ್ಗು, ಕೊಳವೆ ನೋಡಿಕೊಳ್ಳುವ ದೋಣಿ. 2019ರಲ್ಲಿ ನವಮಂಗಳೂರು ಬಂದರಿನ ಹೂಳೆತ್ತಲು ಬಂದಿದ್ದ ತ್ರಿದೇವಿ ಪ್ರೇಮ್ ಮುಳುಗಿತು. ಅದರ ಜೊತೆಗಾರ್ತಿ ಭಗವತಿ ಪ್ರೇಮ್ ಸೋರತೊಡಗಿದಾಗ ಹಡಗು ದಾರಿಯಲ್ಲಿ ಮುಳುಗದಿರಲೆಂದು ಸುರತ್ಕಲ್ ಬಳಿ ದಡ ಹತ್ತಿಸಿದರು. ವರ್ಷಗಟ್ಟಲೆ ಅದು ಅಲ್ಲೇ ನಿಂತಿತು, ಜನ ಫೋಟೊ ತೆಗೆಸಿಕೊಂಡರು. ತೌಕ್ತೆಯಲ್ಲಿ ಕೋರಮಂಡಲ್ ಸಪೋರ್ಟರ್ ಎಂಬ ಟಗ್ಗು ಮೂಲ್ಕಿಯ ಬಂಡೆಗಳಲ್ಲಿ ಸಿಕ್ಕಿಕೊಂಡಾಗ ಅದರ 9 ಮಂದಿಯನ್ನು ಪಾರುಮಾಡುವುದನ್ನು ಟಿವಿಯಲ್ಲಿ ಎಲ್ಲರೂ ನೋಡಿದರು. ಅಲಯನ್ಸ್ ಎಂಬ ಇನ್ನೊಂದು ಟಗ್ಗು ಮಗುಚಿ ಪಡುಬಿದ್ರಿ ದಂಡೆಗೆ ಬಂದು ಬಿತ್ತು. ಅದರಲ್ಲಿ ಜೀವಗಳು ಹೋದವು. ಅದೇ ಬಿರುಗಾಳಿ ಮುಂಬಯಿ ಎದುರಿನ ಎಣ್ಣೆಬಾವಿಗಳ ಬಳಿ 261 ಜನರಿದ್ದ ಪಿ-305 ಎಂಬ ಬಾರ್ಜನ್ನು ಮುಳುಗಿಸಿ 70ಕ್ಕೂ ಹೆಚ್ಚು ಜನರನ್ನು ತೆಗೆದುಕೊಂಡಿತು. ಗಾಳಿ ಬರುವುದು ದಿನಗಳ ಮುಂಚೆ ಎಲ್ಲರಿಗೂ ಗೊತ್ತಿತ್ತು. ಕೆಲಸ ನಿಲ್ಲಿಸಿ ಒಳಗೆ ಕರೆಯಬೇಕಾದವರು ತಡಮಾಡಿದರು ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಕಡಲಿಗೆ ಬಿದ್ದ ವಿಮಾನಗಳ ವಿಷಯಕ್ಕೆ ಬಂದರೆ ಹುಡುಕುವ ರೀತಿಯೇ ಬೇರೆ. 1978ರ ಜನವರಿ 1ರ ರಾತ್ರಿ ಮುಂಬಯಿಯಿಂದ ದುಬೈಗೆ ಎದ್ದ ಏರ್ ಇಂಡಿಯಾದ ‘ಎಂಪರರ್ ಅಶೋಕ’ ಬಾಂದ್ರಾದ ಎದುರು ಕಡಲಿಗೆ ಬಿತ್ತು, 213 ಜನ ಸತ್ತರು. ಕ್ಯಾಪ್ಟನ್ನರ ಮುಂದಿನ, ವಿಮಾನದ ವಾಲಿಕೆ ತೋರಿಸುವ ಉಪಕರಣ ಕೆಟ್ಟಿತ್ತು. ಹೊರಗೆ ಕತ್ತಲೆಯ ಕಡಲಲ್ಲಿ ದಿಗಂತ ಕಾಣದು. ವಾಲಿದ್ದನ್ನು ಸರಿಪಡಿಸುತ್ತಿದ್ದೇನೆಂದು ಇನ್ನಷ್ಟು ವಾಲಿಸಿದರು. ನೀರು ಆಳವಿರಲಿಲ್ಲವಾದ್ದರಿಂದ ಚೂರುಗಳು ಸಿಕ್ಕವು, ಕಾರಣ ತಿಳಿಯಿತು. 1985ರ ಜೂನ್ 23ರಂದು 329 ಜನರೊಡನೆ ಐರ್ಲೆಂಡಿನ ಎದುರು ಬಾಂಬಿಗೆ ಸಿಡಿದ ‘ಕನಿಷ್ಕ’ ಎರಡು ಕಿಲೋಮೀಟರ್ ಆಳಕ್ಕೆ ಹೋಯಿತು. ಆದರೂ ಮೂರು ವಾರದೊಳಗೆ ಯಂತ್ರಮಾನವನನ್ನು ಇಳಿಸಿ ಅದರ ಧ್ವನಿಪೆಟ್ಟಿಗೆಯನ್ನು ಮೇಲೆತ್ತಿದರು.

ನಮ್ಮ ವಾಯುಪಡೆಯ ಎಎನ್-32 ವಿಮಾನ 2016ರ ಜುಲೈ 22ರಂದು ತಾಂಬರಂನಿಂದ ಪೋರ್ಟ್ ಬ್ಲೇರಿಗೆ 29 ಜನರನ್ನು ಹೊತ್ತು ಹೊರಟು ಕಾಣೆಯಾಯಿತು. ತಿಂಗಳುಗಟ್ಟಲೆ ಹಡಗು, ವಿಮಾನಗಳು ಜಾಲಾಡಿದವು. ಸಿಕ್ಕಿದ್ದು 2024ರ ಜನವರಿಯಲ್ಲಿ, ಚೆನ್ನೈನಿಂದ 310 ಕಿಲೋಮೀಟರ್ ಆಚೆ, 3,400 ಮೀಟರ್ ಆಳದಲ್ಲಿ. ಕಂಡುಹಿಡಿದದ್ದು ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ಸ್ವಯಂಚಾಲಿತ ಜಲಾಂತರ ಯಂತ್ರ. ಅದನ್ನು ತಂದದ್ದು ಕಡಲ ತಳದ ಖನಿಜ ಹುಡುಕಲು. ಕಾರವಾರವನ್ನು ತವರು ಮಾಡಿಕೊಂಡ ಐಎನ್‌ಎಸ್ ವಿಕ್ರಮಾದಿತ್ಯದ ಮಿಗ್-29ಕೆ ವಿಮಾನವೊಂದು 2020ರ ನವೆಂಬರ್ 26ರಂದು ಗೋವೆಯ ಎದುರು ಬಿದ್ದಾಗ ಕಮಾಂಡರ್ ನಿಶಾಂತ್ ಸಿಂಗ್ ಅವರ ದೇಹ 11 ದಿನಗಳ ನಂತರ ಸಿಕ್ಕಿತು. ಕಾರವಾರದ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಕ್ಷಿಪಣಿ ದೋಣಿಯನ್ನೂ ಟಿಯು-142 ವಿಮಾನವನ್ನೂ ಒಣನೆಲದ ಮೇಲೆ ನಿಲ್ಲಿಸಿದ್ದಾರೆ. ಶಾಲೆಯ ಮಕ್ಕಳು ಪ್ರವಾಸಕ್ಕೆ ಹೋಗಿ ನೋಡಿ ಬರುತ್ತಾರೆ. ಆಯುಷ್ಯ ಮುಗಿಸಿ ದಡ ಸೇರಿದವುಗಳ ಪುಣ್ಯ ಅದು.

ವಿಮಾನಗಳ ಈ ಹುಡುಕಾಟದ ಎದುರಿಗೆ ಮಲ್ಪೆಯ ಸುವರ್ಣ ತ್ರಿಭುಜವನ್ನು ಇಟ್ಟು ನೋಡಬೇಕು. 2018ರ ಡಿಸೆಂಬರ್ 13ರ ರಾತ್ರಿ ಆಳಸಮುದ್ರಕ್ಕೆ ಹೊರಟ ಬೋಟು. ಏಳು ಮಂದಿ: ಐವರು ಉತ್ತರ ಕನ್ನಡದವರು, ಇಬ್ಬರು ಉಡುಪಿಯವರು. 15ರ ನಂತರ ಸಂಪರ್ಕವಿಲ್ಲ. ವಾರಗಳು ಕಳೆದವು. ಅಪಹರಣವಾಗಿರಬಹುದು, ಪಾಕಿಸ್ತಾನದ ಕಡೆ ಹೋಗಿರಬಹುದು ಎಂದೆಲ್ಲ ಗಾಳಿಮಾತು ಹಬ್ಬಿತು. 2019ರ ಜನವರಿ 6ರಂದು ಸಾವಿರಾರು ಮೀನುಗಾರರು ಕೆಲಸ ನಿಲ್ಲಿಸಿ ಹೆದ್ದಾರಿಗೆ ಬಂದು ಕುಳಿತರು. ಮೇ ತಿಂಗಳ ಆರಂಭದಲ್ಲಿ, ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಮಹಾರಾಷ್ಟ್ರದ ಮಾಲ್ವಣದ ಎದುರು, ದಡದಿಂದ 33 ಕಿಲೋಮೀಟರ್ ಆಚೆ, 60 ಮೀಟರಿಗೂ ಹೆಚ್ಚು ಆಳದಲ್ಲಿ ಬೋಟು ಇರುವುದನ್ನು ಪತ್ತೆಹಚ್ಚಿತು. ಜನ ಸಿಗಲಿಲ್ಲ. ದೊಡ್ಡ ಹಡಗೊಂದು ಗುದ್ದಿತೆಂಬ ಮೀನುಗಾರರ ಶಂಕೆಗೆ ಅವರು ಒಪ್ಪುವಂಥ ಉತ್ತರ ದೊರೆತಿಲ್ಲ.

33 ಕಿಲೋಮೀಟರ್, 60 ಮೀಟರ್. ಎಎನ್-32 ಸಿಕ್ಕ ಆಳದ ಐವತ್ತರಲ್ಲಿ ಒಂದು ಪಾಲೂ ಅಲ್ಲ. ಅಲ್ಲಿ ತಲುಪಲು ನಾಲ್ಕೂವರೆ ತಿಂಗಳು ಹಿಡಿದದ್ದಕ್ಕೆ ತಂತ್ರಜ್ಞಾನದ ಕೊರತೆ ಕಾರಣವಾಗಿರಲಾರದು. ಬೋಟು ಎಲ್ಲಿದೆ ಎಂದು ದಡಕ್ಕೆ ತಿಳಿಸುವ ಉಪಕರಣ ಬೋಟಿನಲ್ಲಿ ಕೆಲಸ ಮಾಡುತ್ತಿರಬೇಕಿತ್ತು, ಇಲ್ಲವೇ ಹುಡುಕುವ ಒತ್ತಡ ಮೊದಲ ವಾರದಲ್ಲೇ ಬೀಳಬೇಕಿತ್ತು. ಇತ್ತ ಮನೆಯವರ ಪಾಡು: ಹೆಣ ಸಿಗದಿದ್ದರೆ ಕಾಣೆಯಾದವನು ಸತ್ತನೆಂದು ಕಾನೂನು ಭಾವಿಸಲು ಸಾಮಾನ್ಯವಾಗಿ ಏಳು ವರ್ಷ. ಅಲ್ಲಿಯವರೆಗೆ ಹೆಂಡತಿ ವಿಧವೆಯೂ ಅಲ್ಲ. ವಿಮೆ, ಪಹಣಿ, ಬ್ಯಾಂಕಿನ ಖಾತೆ ಎಲ್ಲ ಅಡಕತ್ತರಿಯಲ್ಲಿ.

2021ರ ಏಪ್ರಿಲಿನಲ್ಲಿ ಮಂಗಳೂರಿನಿಂದ 43 ನಾಟಿಕಲ್ ಮೈಲಿ ಆಚೆ ಎಪಿಎಲ್ ಲೆ ಹಾವ್ರ್ ಎಂಬ ಕಂಟೇನರ್ ಹಡಗಿಗೂ ಬೇಪೂರಿನ ರಬಾಹ್ ಎಂಬ ಬೋಟಿಗೂ ಡಿಕ್ಕಿಯಾಯಿತು. 14 ಮಂದಿಯಲ್ಲಿ ಬದುಕಿದ್ದು ಇಬ್ಬರು. ಸತ್ತವರು ತಮಿಳುನಾಡಿನವರು, ಬಂಗಾಳದವರು, ಬೋಟು ಕೇರಳದ್ದು, ಕಡಲು ಕರ್ನಾಟಕದ ಎದುರಿನದು. ಮೂರು ಊರಿನ ದುಃಖ ಯಾವ ಊರಿನ ಪತ್ರಿಕೆಯಲ್ಲೂ ಹೆಚ್ಚು ದಿನ ನಿಲ್ಲಲಿಲ್ಲ.

ಘಟ್ಟದ ಮೇಲಿನವರ ಮಾತು ಬಾಕಿ ಇದೆ. 2019ರ ಜನವರಿ 21, ಬನದ ಹುಣ್ಣಿಮೆ. ನಮ್ಮ ಯಲ್ಲಮ್ಮನ ಗುಡ್ಡದಲ್ಲಿ ಜಾತ್ರೆ ಆಗುವ ದಿನವೇ ಕಾರವಾರದ ಎದುರಿನ ಕೂರ್ಮಗಡ ನಡುಗಡ್ಡೆಯಲ್ಲಿ ನರಸಿಂಹ ದೇವರ ಜಾತ್ರೆ. ಅಲ್ಲಿಂದ ಮರಳುತ್ತಿದ್ದ, ಮಿತಿ ಮೀರಿ ಜನ ತುಂಬಿದ್ದ ದೋಣಿ ಅಲೆಗೆ ಮಗುಚಿತು. 16 ಜನ ಸತ್ತರು. ಅವರಲ್ಲಿ ಹಲವರು ಹಾವೇರಿ ಜಿಲ್ಲೆಯವರು, ಒಂದೇ ಕುಟುಂಬದ ಹಿರಿಯರು, ಮಕ್ಕಳು. ಜಾತ್ರೆಗೆ ಹೋದವರ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ಗಾಡಿಯಲ್ಲಿ ಇನ್ನಿಬ್ಬರು ಹತ್ತಿದರೆ ಎತ್ತಿಗೆ ಭಾರ, ಅಷ್ಟೆ. ದೋಣಿಯಲ್ಲಿ ಹಾಗಲ್ಲ ಎಂದು ಹೇಳಿ ತಡೆಯುವವರು ಆ ದಕ್ಕೆಯಲ್ಲಿ ಇರಬೇಕಿತ್ತು. ಮಲ್ಪೆ, ಮಂಗಳೂರಿನ ಬಂದರುಗಳಲ್ಲಿ ಮೀನು ಹೊರುವ, ಮಂಜುಗಡ್ಡೆ ಒಡೆಯುವ, ಬಲೆ ಎಳೆಯುವ ಕೆಲಸಕ್ಕೆ ಕೊಪ್ಪಳ, ಬಾಗಲಕೋಟೆ, ಗದಗ ಕಡೆಯವರು ಹೋಗುತ್ತಲೇ ಇದ್ದಾರೆ. ಈಜು ಬಾರದವರೂ ಬೋಟು ಹತ್ತುತ್ತಾರೆ.

ಈಗ ಕಾನೂನು ಏನು ಹೇಳುತ್ತದೆ? 1958ರ ವಾಣಿಜ್ಯ ಹಡಗು ಕಾಯ್ದೆಯಲ್ಲಿ ಕೆಟ್ಟ ಹಡಗುಗಳಿಗೆಂದೇ ಒಂದು ಭಾಗವಿತ್ತು. ಅವುಗಳ ಉಸ್ತುವಾರಿಗೆ ಒಬ್ಬ ಅಧಿಕಾರಿ. ಸಿಕ್ಕ ವಸ್ತುವನ್ನು ಅವನಿಗೆ ಒಪ್ಪಿಸಬೇಕು. ವಾರಸುದಾರ ಬಾರದಿದ್ದರೆ ಮಾರಾಟ. 2025ರಲ್ಲಿ ಸಂಸತ್ತು ಅದರ ಜಾಗಕ್ಕೆ ಹೊಸ ಕಾಯ್ದೆ ತಂದಿದೆ. ಅಂತಾರಾಷ್ಟ್ರೀಯವಾಗಿ 2007ರ ನೈರೋಬಿ ಒಪ್ಪಂದ 2015ರಿಂದ ಜಾರಿಯಲ್ಲಿದೆ, ಭಾರತವೂ ಅದರಲ್ಲಿದೆ. ಅದರ ಪ್ರಕಾರ ಮುಳುಗಿದ ಹಡಗನ್ನು ತೆಗೆಸುವ ಹೊಣೆ ಮಾಲೀಕನದು. 300 ಟನ್ ಅಥವಾ ಅದಕ್ಕಿಂತ ದೊಡ್ಡ ಹಡಗುಗಳಿಗೆ ಇದಕ್ಕಾಗಿ ವಿಮೆ ಕಡ್ಡಾಯ. ಮೀನುಗಾರರ ಬೋಟುಗಳು 300 ಟನ್ನಿನ ಹತ್ತಿರಕ್ಕೂ ಬರುವುದಿಲ್ಲ. ನೂರು ವರ್ಷಕ್ಕಿಂತ ಹಳೆಯ ಅವಶೇಷಗಳನ್ನು ಕಾಯಲು ಯುನೆಸ್ಕೊ 2001ರಲ್ಲಿ ಮಾಡಿದ ಒಪ್ಪಂದಕ್ಕೆ ಭಾರತ ಸೇರಿಲ್ಲ. ಆ ಅಳತೆಯಲ್ಲಿ ಹೆಂಚಿನ ಹಡಗು ಪರಂಪರೆ. ಏರೆನ್‌ಫೆಲ್ಸ್ 2043ರ ನಂತರ. ಸುವರ್ಣ ತ್ರಿಭುಜ ಪರಂಪರೆಯಾಗಲು 2118 ಬರಬೇಕು. ಹೀಗೆ ಒಂದು ಕಡೆ ಗಾತ್ರ ಸಾಲದು, ಇನ್ನೊಂದು ಕಡೆ ವಯಸ್ಸು ಸಾಲದು.

ಹೊಣೆ ಹೊರಿಸಲು ಬರುವುದಿಲ್ಲ ಎನ್ನುವಂತಿಲ್ಲ. 2025ರ ಮೇ 25ರಂದು ಕೊಚ್ಚಿಯ ಎದುರು 640 ಕಂಟೇನರುಗಳೊಡನೆ ಎಂಎಸ್‌ಸಿ ಎಲ್ಸಾ-3 ಮುಳುಗಿ ಪ್ಲಾಸ್ಟಿಕ್ ಕಾಳು ಕೇರಳದ ದಂಡೆ ತುಂಬಿದಾಗ ಕೇರಳ ಸರಕಾರ 9,531 ಕೋಟಿ ರೂಪಾಯಿ ಕೇಳಿ ಹೈಕೋರ್ಟಿಗೆ ಹೋಯಿತು. ಅದೇ ಕಂಪನಿಯ ಇನ್ನೊಂದು ಹಡಗನ್ನು ಬಂದರಿನಲ್ಲೇ ತಡೆಹಿಡಿಯಲು ಕೋರ್ಟು ಆದೇಶಿಸಿತು. ಎರಡೇ ವಾರದಲ್ಲಿ, ಜೂನ್ 9ರಂದು, ಕೇರಳದ ಎದುರೇ ವಾನ್ ಹೈ 503ಕ್ಕೆ ಬೆಂಕಿ ಬಿತ್ತು. 22 ಮಂದಿಯಲ್ಲಿ ಪಾರಾದ 18 ಜನರನ್ನು ಐಎನ್‌ಎಸ್ ಸೂರತ್ ಕರೆತಂದದ್ದು ಮಂಗಳೂರಿಗೆ. ಹಡಗು ತಡೆಹಿಡಿಯುವ ಅಧಿಕಾರ 2017ರ ನೌಕಾನ್ಯಾಯ ಕಾಯ್ದೆಯಿಂದ ಕರ್ನಾಟಕ ಹೈಕೋರ್ಟಿಗೂ ಇದೆ. ದೆನ್ ದೆನ್, ಏಷ್ಯನ್ ಫಾರೆಸ್ಟ್ ಕಾಲಕ್ಕೆ ಈ ಅಸ್ತ್ರ ಇಷ್ಟು ಸ್ಪಷ್ಟವಾಗಿ ನಮ್ಮ ಕೈಯಲ್ಲಿರಲಿಲ್ಲ. ಈಗಿದೆ. ಕೇರಳ ಅದನ್ನು ಬಳಸಿದ ರೀತಿಯನ್ನು ನಮ್ಮ ಸರಕಾರ ಕಲಿಯಬೇಕು.

ಮುಳುಗಿದ ಹಡಗಿನ ಸುತ್ತ ಮೀನು ಸೇರುತ್ತದೆ, ಅದೂ ಒಂದು ಲಾಭವೇ ಎನ್ನುವವರಿದ್ದಾರೆ. ಮೀನು ಸೇರುವುದು ನಿಜ. ಆದರೆ ಹಡಗು ಇರುವ ಜಾಗ ಗೊತ್ತಿಲ್ಲದ ಟ್ರಾಲ್ ಬೋಟಿನ ಬಲೆ ಅದಕ್ಕೆ ಸಿಕ್ಕಿದರೆ ಹರಿಯುವುದು ಲಕ್ಷಗಟ್ಟಲೆ ರೂಪಾಯಿಯ ಬಲೆ. ಎಂಜಿನ್ ಎಳೆಯುತ್ತಲೇ ಇದ್ದರೆ ಬೋಟೇ ಮಗುಚಬಹುದು. ಎಣ್ಣೆ ತೆಗೆದು, ತೊಳೆದು, ಗುರುತು ಹಾಕಿ ಬೇಕೆಂದೇ ಮುಳುಗಿಸಿದ ಹಡಗಿನ ಮಾತು ಬೇರೆ.

ಆಗಬೇಕಾದ ಕೆಲಸ ದೊಡ್ಡದಲ್ಲ. ಕರ್ನಾಟಕ ಮ್ಯಾರಿಟೈಮ್ ಬೋರ್ಡು, ಮೀನುಗಾರಿಕಾ ಇಲಾಖೆ, ನವಮಂಗಳೂರು ಬಂದರು ಕೂಡಿ ನಮ್ಮ ತೀರದ ಎದುರು ಮುಳುಗಿದ ಎಲ್ಲದರ ಪಟ್ಟಿಯನ್ನು ಕನ್ನಡದಲ್ಲಿ ಪ್ರಕಟಿಸಲಿ: ಎಲ್ಲಿ, ಯಾವಾಗ, ಎಷ್ಟು ಆಳ, ಏನು ಸರಕು, ಯಾರು ಸತ್ತರು, ಯಾರು ಹೊಣೆ. ಹೆಂಚಿನ ಹಡಗಿನಿಂದ ಹಿಡಿದು ಸುವರ್ಣ ತ್ರಿಭುಜದವರೆಗೆ ಎಲ್ಲವೂ ಅದರಲ್ಲಿರಲಿ, 300 ಟನ್ನಿನ ಗೆರೆ ಬೇಡ. ಇಸ್ರೊ ರೂಪಿಸಿದ, ಬೋಟಿನಿಂದ ಉಪಗ್ರಹದ ಮೂಲಕ ದಡಕ್ಕೆ ಸುದ್ದಿ ಕಳಿಸುವ ಉಪಕರಣಗಳನ್ನು ದೇಶದ ಒಂದು ಲಕ್ಷ ಬೋಟುಗಳಿಗೆ ಕೊಡುವ ಯೋಜನೆ 2024ರ ಆಗಸ್ಟಿನಲ್ಲಿ ಆರಂಭವಾಗಿದೆ. ಮಲ್ಪೆಯ, ಭಟ್ಕಳದ, ಹೊನ್ನಾವರದ ಎಷ್ಟು ಬೋಟುಗಳಿಗೆ ಅವು ಬಂದವು ಎಂದು ಶಾಸಕರನ್ನು ಕೇಳುವ ಕೆಲಸ ಕರಾವಳಿಯವರಿಗಷ್ಟೇ ಬಿಟ್ಟದ್ದಲ್ಲ.

ನಮ್ಮ ಊರುಗಳಿಂದ ಬಂದರಿಗೆ ದುಡಿಯಲು ಹೊರಡುವವರಿದ್ದರೆ ಒಂದು ಮಾತು. ಹತ್ತುವ ಬೋಟಿನ ಮೈಮೇಲೆ ಐಎನ್‌ಡಿ, ಕೆಎ ಎಂದು ಶುರುವಾಗುವ ನೋಂದಣಿ ಸಂಖ್ಯೆ ಇರುತ್ತದೆ. ಅದನ್ನು ಬರೆದು ಮನೆಗೆ ಕಳಿಸಿ. ಹೋದವರು ಹೇಳಿದ ದಿನಕ್ಕೆ ಮರಳದಿದ್ದರೆ ಕಾಯುತ್ತ ಕೂರದೆ ಆ ಸಂಖ್ಯೆ ಹೇಳಿ ಫೋನ್ ಮಾಡಿ. ಕೋಸ್ಟ್ ಗಾರ್ಡಿನ ತುರ್ತು ಸಂಖ್ಯೆ 1554, ಕರಾವಳಿ ಪೊಲೀಸರದು 1093.